ಆಚೆಮನೆಯ ಲೆಕ್ಕ

ಬಸ್ಸು ನರಿಮೊಗರು ದಾಟುತ್ತಿದ್ದ ಹಾಗೆ ತಿರುಮಲೇಶ್ವರನಿಗೆ ತೊಡೆಯ ಮೇಲಿನ ಚೀಲ ಭಾರವಾದಂತೆ ಅನಿಸಿತು. ಚೀಲದಲ್ಲಿ ಇದ್ದದ್ದು ಒಂಬತ್ತನೇ ಕ್ಲಾಸಿನ ಉತ್ತರ ಪತ್ರಿಕೆಗಳು, ಖಾಲಿ ಬುತ್ತಿ ಡಬ್ಬಿ ಮತ್ತು ಎರಡು ಸಂಖ್ಯೆಗಳು. ಎರಡರಲ್ಲಿ ಒಂದನ್ನು ಈ ದಿನ ಮಂಗಳೂರಿನಿಂದ ಬರುವ ಇಂಜಿನಿಯರರ ಕೈಗೆ ಕೊಡಬೇಕು. ಹತ್ತು ಹದಿನೈದು ವರ್ಷ ಕಳೆದ ಮೇಲೆ ಈ ಸೀಮೆಗೆ ಎಷ್ಟು ಕರೆಂಟು ಬೇಕಾದೀತು ಎಂಬುದು ಪ್ರಶ್ನೆ. ಸರಕಾರದಿಂದ ಕರೆಂಟನ್ನು ಸಗಟಾಗಿ ಪಡೆದು ಮನೆಮನೆಗೆ ಹಂಚಲು ಸವಣೂರಿನ ಸುತ್ತಿನವರು ಒಂದು ಸಹಕಾರ ಸಂಘ ಕಟ್ಟಿಕೊಂಡಿದ್ದರು. ಪುತ್ತೂರಿನ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಾನೆ ಎಂಬ ಒಂದೇ ಕಾರಣಕ್ಕೆ ಅವನು ಅದರ ಗೌರವ ಕಾರ್ಯದರ್ಶಿ. ಗೌರವ ಅಂದರೆ ಸಂಬಳ ಇಲ್ಲ ಎಂದು ಅರ್ಥ. ಕೊಡುವ ಸಂಖ್ಯೆ ಸಣ್ಣದಾದರೆ ಎರಡು ತಂತಿಯ ಲೈನು ಬರುತ್ತದೆ. ದೀಪ ಉರಿಯುತ್ತದೆ, ಅಷ್ಟೆ. ದೊಡ್ಡದಾದರೆ ಮೂರು ತಂತಿಯ ಲೈನು. ಪಂಪು ತಿರುಗುತ್ತದೆ, ಗಿರಣಿ ತಿರುಗುತ್ತದೆ. ಒಮ್ಮೆ ನೆಟ್ಟ ಕಂಬವನ್ನು ಯಾರೂ ಮತ್ತೆ ಕೀಳುವುದಿಲ್ಲ. ಇವತ್ತು ಎರಡು ತಂತಿ ಎಂದು ತೀರ್ಮಾನವಾದರೆ ಈ ಉತ್ತರ ಪತ್ರಿಕೆ ಬರೆದವರು ಮದುವೆಯಾಗಿ ಅವರ ಮಕ್ಕಳು ಶಾಲೆಗೆ ಹೋಗುವವರೆಗೂ ಎರಡೇ ತಂತಿ.

ದೊಡ್ಡ ಸಂಖ್ಯೆ ಅವನದ್ದು. ಪುತ್ತೂರು ಪೇಟೆಗೆ ಕರೆಂಟು ಬಂದಂದಿನಿಂದ ಅದರ ಖರ್ಚು ವರ್ಷವರ್ಷ ಹೇಗೆ ಏರಿತು ಎಂದು ನೋಡಿ, ಅದೇ ಏರನ್ನು ಹಳ್ಳಿಗೆ ಹೊಂದಿಸಿ, ಗ್ರಾಫ್ ಕಾಗದದ ಮೇಲೆ ಎಳೆದ ಗೆರೆ. ಆರಂಭದಲ್ಲಿ ಮಲಗಿದಂತೆ ಇದ್ದು ಆಮೇಲೆ ಎದ್ದು ನಿಲ್ಲುವ ಆ ಗೆರೆಯನ್ನು ಅವನು ಯಾರಿಗೂ ಹೇಳದಷ್ಟು ಪ್ರೀತಿಸಿದ್ದ. ಹೋದ ಮಹಾಸಭೆಯಲ್ಲಿ ಅದನ್ನು ಗೋಡೆಗೆ ಅಂಟಿಸಿ ವಿವರಿಸುತ್ತಿದ್ದಾಗ ಅಧ್ಯಕ್ಷ ದೇವದಾಸ ರೈಗಳು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, ಮಾಷ್ಟ್ರೆ, ಗೆರೆ ಛಾವಣಿಗೆ ಮುಟ್ಟುವ ಮೊದಲು ಒಮ್ಮೆ ಜನರನ್ನು ಕೇಳಿ ನೋಡಬಹುದಿತ್ತು ಅಂದಿದ್ದರು. ಸಭೆ ನಕ್ಕಿತ್ತು. ಆ ನಗುವಿನಲ್ಲಿ ದ್ವೇಷ ಇರಲಿಲ್ಲ; ಇದ್ದಿದ್ದರೆ ಸಹಿಸುವುದು ಸುಲಭವಿತ್ತು. ಆಮೇಲೆ ಅವನು ಮನೆಮನೆಗೆ ಸರ್ವೆಗೆ ಹೋಗಿ ಜನರನ್ನು ಕೇಳಿ ಬರೆದುಕೊಂಡು ಬಂದದ್ದು ಸಣ್ಣ ಸಂಖ್ಯೆ. ಅದು ಎಷ್ಟು ಸಣ್ಣದೆಂದರೆ, ಇಷ್ಟಕ್ಕೆ ಕಂಬ ಯಾಕೆ, ಚಿಮಿಣಿ ಎಣ್ಣೆಯೇ ಸಾಕಲ್ಲ ಎಂದು ಯಾರಾದರೂ ಕೇಳಬಹುದಿತ್ತು.

ಕಿಟಕಿಯಾಚೆ ತೋಡಿನಲ್ಲಿ ನೀರು ಇಳಿದು ಕಲ್ಲು ಕಾಣುತ್ತಿತ್ತು. ಫೆಬ್ರವರಿಯಲ್ಲೇ ಹೀಗಾದರೆ ಇನ್ನು ಏಪ್ರಿಲ್‌ನಲ್ಲಿ ಹೇಗೆ ಎಂದುಕೊಳ್ಳುವಾಗಲೇ ಅವನ ಹೆಗಲಲ್ಲಿ ಆ ಹಳೆಯ ನೋವು ಎದ್ದಿತು. ಅಪ್ಪನ ಅಡಿಕೆ ತೋಟದಲ್ಲಿ ಮರದ ಸಾಲುಗಳ ನಡುವಿನ ನೀರಿನ ಕಣಿಯಲ್ಲಿ ಮೊಣಕಾಲು ಮುಳುಗಿಸಿ ನಿಂತು, ಅಡಿಕೆ ಹಾಳೆಯಿಂದ ನೀರು ಮೊಗೆದು ಮರದ ಬುಡಕ್ಕೆ ಎರಚುತ್ತ ಹೋಗುವುದು. ಒಂದು ಸಾಲು ಮುಗಿದರೆ ಇನ್ನೊಂದು. ಎಲ್ಲ ಮುಗಿಯುವಾಗ ಮೊದಲಿನ ಸಾಲು ಒಣಗಿರುತ್ತದೆ. ಅವನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿದ್ದು ಕಣಿಯಲ್ಲಿ ನಿಂತು, ಪ್ರಮೇಯಗಳನ್ನು ಎರಚುವ ತಾಳಕ್ಕೆ ಹೇಳಿಕೊಂಡು. ಅದನ್ನು ಒಂದು ಸಾಧನೆ ಎಂಬಂತೆ ಕ್ಲಾಸಿನಲ್ಲಿ ಹೇಳುವ ಅಭ್ಯಾಸವೂ ಇತ್ತು. ಆದರೆ ಇವತ್ತು ಬೆಳಿಗ್ಗೆ ಹಾಜರಿ ಕರೆಯುವಾಗ ಹಿಂದಿನ ಬೆಂಚುಗಳು ಖಾಲಿ ಇದ್ದುವು. ಎಲ್ಲಿ ಎಂದು ಕೇಳಿದರೆ, ನೀರು ಹಾಕ್ಲಿಕ್ಕೆ ಉಂಟು ಸಾರ್, ಅಂತ ಮುಂದಿನ ಬೆಂಚಿನವರು ಒಂದೇ ಸ್ವರದಲ್ಲಿ ಹೇಳಿದರು. ಆ ಸ್ವರ ಅವನಿಗೆ ತಿಳಿದದ್ದೇ.

ಇಷ್ಟು ನೀರು ಎರಚುವವರು ಪಂಪು ಬೇಡ ಅನ್ನುತ್ತಾರಲ್ಲ! ಸರ್ವೆಗೆ ಹೋದಾಗ ರೈಗಳು ಚಾವಡಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ನಮಗೆ ಎಂತಕ್ಕೆ ಮಾಷ್ಟ್ರೆ, ಎರಡು ದೀಪ ಧಾರಾಳ ಆಯ್ತು ಅಂದಿದ್ದರು. ಅವನು ಎರಡು ಎಂದು ಬರೆದುಕೊಂಡು ಮೆಟ್ಟಿಲು ಇಳಿಯುವಾಗ ಜೊತೆಗೇ ಗೇಟಿನವರೆಗೆ ಬಂದು, ಆ ಕುಕ್ಕಪ್ಪ ಗೌಡ ಬಾವಿ ಅಗಲ ಮಾಡಿಸಿದ್ದು ನೋಡಿದಿರಾ ಎಂದು ಸ್ವರ ತಗ್ಗಿಸಿ ಕೇಳಿದ್ದರು. ಕುಕ್ಕಪ್ಪ ಗೌಡರು ತಿರುಮಲೇಶ್ವರನ ನೆರೆಯವರು; ನಡುವೆ ಒಂದು ಸಣ್ಣ ಗದ್ದೆ ಮಾತ್ರ. ಅವರ ಮನೆಯಲ್ಲೂ ಎರಡೇ ದೀಪ. ಅಲ್ಲಿಯೂ ಹೊರಡುವಾಗ ಗೇಟಿನ ಹತ್ತಿರ, ರೈಗಳ ಕೊಟ್ಟಿಗೆಯ ಹಿಂದೆ ಸಿಮೆಂಟಿನ ಕಟ್ಟೆ ಒಂದು ಎದ್ದಿದೆಯಲ್ಲ, ಅದರ ಮೇಲೆ ಏನು ಕೂರಿಸುತ್ತಾರಂತೆ ಎಂಬ ವಿಚಾರಣೆ. ತಿರುಮಲೇಶ್ವರ ಇಂಥ ಮಾತಿಗೆ ಕಿವಿಗೊಡುವವನಲ್ಲ. ಆಚೆಮನೆಯ ಸುದ್ದಿ ಆಡುವುದು ಸಣ್ಣತನ ಎಂದು ನಂಬಿದವನು. ಕೇಳಿಸದವನಂತೆ ಕೊಡೆ ಬಿಡಿಸಿ ನಡೆದಿದ್ದ. ಹೀಗೆ ಅವನು ಎಲ್ಲ ಮನೆಗಳಲ್ಲೂ ಚಾವಡಿಯ ಮಾತನ್ನು ಬರೆದುಕೊಂಡು ಗೇಟಿನ ಮಾತನ್ನು ಗೇಟಿನಲ್ಲೇ ಬಿಟ್ಟು ಬಂದಿದ್ದ, ಮತ್ತು ಮರ್ಯಾದಸ್ಥನಾಗಿ ಉಳಿದೆನೆಂಬ ಸಮಾಧಾನವೂ ಅವನಿಗಿತ್ತು.

ಕೊನೆಗೆ ಉಳಿದದ್ದು ಅವನದೇ ಮನೆ. ಅದನ್ನು ನೆನೆಯುವುದು ಬೇಡವೆಂದು ಬಸ್ಸು ಹತ್ತಿದಾಗಿನಿಂದ ಜಾಗ್ರತೆ ವಹಿಸಿದ್ದರೂ ಸವಣೂರು ಹತ್ತಿರವಾಗುತ್ತಿದ್ದ ಹಾಗೆ ಅದು ಎದುರಿಗೇ ಬಂದು ಕುಳಿತಿತು. ಕಾರ್ಯದರ್ಶಿಯೇ ಹೆಚ್ಚು ಬರೆದುಕೊಂಡ ಎಂದು ನಾಳೆ ಮಾತು ಬರಬಾರದು. ಎಲ್ಲರದ್ದೂ ಎರಡಾದರೆ ನನ್ನದೂ ಎರಡು. ಚಾವಡಿಗೆ ಒಂದು, ದೇವರ ಕೋಣೆಗೆ ಒಂದು. ಕಾಫಿಯ ಲೋಟ ಇಡಲು ಬಂದ ಗೋದಾವರಿ ಅವನ ಭುಜದ ಮೇಲಿಂದ ಬಗ್ಗಿ ನೋಡಿ, ಅಡಿಗೆ ಮನೆಗೆ? ಎಂದು ಕೇಳಿದ್ದಳು. ಆಮೇಲೆ ನೋಡುವ ಅಂದಿದ್ದ. ಅವಳು ಇನ್ನೇನೋ ಹೇಳಲು ಬಾಯಿ ತೆರೆದು, ಹೇಳದೆ, ಮೇಜಿನ ಮೇಲೆ ಬಿದ್ದ ಕಾಫಿಯ ಹನಿಯನ್ನು ಸೆರಗಿನ ತುದಿಯಿಂದ ಒರೆಸಿ ಹೋದಳು. ಮದುವೆಗೆ ಮೊದಲು ಇಂಟರ್ ಮೀಡಿಯಟ್‌ವರೆಗೆ ಓದಿದ್ದವಳು. ಹೇಳುವುದು ಅವಳಿಗೆ ತಿಳಿಯದ್ದೇನಲ್ಲ. ಬಸ್ಸಿನಲ್ಲಿ ಅವನು ಚೀಲವನ್ನು ಇನ್ನೊಂದು ತೊಡೆಗೆ ಸರಿಸಿದ.

ಸಭೆ ಪ್ರಾಥಮಿಕ ಶಾಲೆಯ ಹಾಲಿನಲ್ಲಿ. ಮಕ್ಕಳ ಬೆಂಚುಗಳಲ್ಲಿ ಊರಿನ ದೊಡ್ಡವರು ಮೊಣಕಾಲು ಎದೆಗೆ ತಾಗುವ ಹಾಗೆ ಕುಳಿತಿದ್ದರು. ಕುಕ್ಕಪ್ಪ ಗೌಡರು ಒಂದು ಬೆಂಚಿನೊಳಗೆ ಹೊಕ್ಕು ಹೊರಬರುವ ದಾರಿ ಯೋಚಿಸುತ್ತಿದ್ದರು. ಪೇಟೆಯಲ್ಲಿ ಡೀಸೆಲ್ ಎಂಜಿನಿನ ಅಕ್ಕಿ ಗಿರಣಿ ಇಟ್ಟಿದ್ದ ಅದ್ರಾಮ ಬ್ಯಾರಿ ಬಾಗಿಲ ಹತ್ತಿರ ನಿಂತೇ ಇದ್ದರು. ಇಂಜಿನಿಯರ್ ಕೃಷ್ಣಮೋಹನ ಇನ್ನೂ ಮೂವತ್ತು ತುಂಬದ ಹುಡುಗ. ಬಿಸಿಲಿಗೆ ಮುಖ ಕೆಂಪಾಗಿ, ಆದಷ್ಟು ಬೇಗ ಜೀಪು ಹತ್ತಬೇಕೆಂಬ ಆತುರದಲ್ಲಿದ್ದರೂ ಮರ್ಯಾದೆ ಬಿಟ್ಟವನಲ್ಲ. ತಿರುಮಲೇಶ್ವರ ಎರಡೂ ಕಾಗದಗಳನ್ನು ಅವನ ಮುಂದಿಟ್ಟ. ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಮತ್ತೆ ಮೊದಲಿನದನ್ನು ನೋಡಿದ. ನಂತರ ನೇರವಾಗಿ ಸಭೆಯನ್ನೇ ಕೇಳಿದ. ರೈಗಳಿಂದ ಶುರು. ನಮಗೆ ಎಂತಕ್ಕೆ ಸಾರ್, ಎರಡು ದೀಪ ಸಾಕು. ಗೌಡರಿಗೆ? ಎರಡು. ಬ್ಯಾರಿಗಳಿಗೆ? ಒಂದು, ಅದೂ ಗಿರಣಿಯ ಎದುರಿಗೆ, ದಾರಿಯವರಿಗೆ ಕಾಣಲಿ ಅಂತ. ಬೆಂಚಿನಿಂದ ಬೆಂಚಿಗೆ ಪ್ರಶ್ನೆ ದಾಟುತ್ತ ಹೋಯಿತು. ಉತ್ತರ ಬದಲಾಗಲಿಲ್ಲ. ಬೇಕು ಎಂಬ ಶಬ್ದವನ್ನು ನಾಲ್ಕು ಜನರ ಎದುರು ಸ್ವಂತಕ್ಕೆ ಬಳಸುವುದು ಈ ಊರಿನಲ್ಲಿ ಅಂಗಿ ಬಿಚ್ಚಿ ನಿಂತ ಹಾಗೆ ಎಂಬುದು ಮಂಗಳೂರಿನಿಂದ ಬಂದವನಿಗೆ ಹೇಗೆ ಗೊತ್ತಾಗಬೇಕು? ಅದರ ಮೇಲೆ, ಹೆಚ್ಚು ಹೇಳಿದರೆ ನಾಳೆ ತೆರಿಗೆಯವನು ಬಂದಾನು ಎಂಬ ಅಂಜಿಕೆ ಬೇರೆ.

ಕೃಷ್ಣಮೋಹನ ಗ್ರಾಫನ್ನು ಎತ್ತಿ ಹಿಡಿದ. "ಮಾಷ್ಟ್ರೆ, ನಿಮ್ಮ ಗೆರೆ ಚೆಂದ ಉಂಟು. ಆದರೆ ಜನ ಬೇಡ ಅನ್ನುವುದನ್ನು ನೀವು ಬೇಕು ಅಂತ ಹೇಗೆ ಬರೆಯುತ್ತೀರಿ?"

ತಿರುಮಲೇಶ್ವರ ಎದ್ದು ನಿಂತ. ಪುತ್ತೂರಿನ ಉದಾಹರಣೆ ಹೇಳಿದ. ಪುತ್ತೂರು ಪೇಟೆ, ಇದು ಹಳ್ಳಿ ಅಂದರು ಯಾರೋ. ಬೆಳವಣಿಗೆಯ ದರ ಅಂದ. ಹಿಂದಿನಿಂದ ಒಂದು ಕೆಮ್ಮು ಬಂತು, ನಗುವನ್ನು ಮುಚ್ಚಲು ಕೆಮ್ಮುವ ಕೆಮ್ಮು. ಅವನ ಸ್ವರ ಕ್ಲಾಸಿನ ಸ್ವರವಾಗುತ್ತಿದ್ದುದು ಅವನಿಗೇ ಕೇಳಿಸಿತು, ತೋಳಿನ ಮೇಲೆ ಸೀಮೆಸುಣ್ಣದ ಹುಡಿ ಇದ್ದುದು ಕಾಣಿಸಿತು. ಈ ಗೆರೆಯನ್ನು ತಾನು ಎಳೆದದ್ದು ಊರಿಗಾಗಿಯೋ ಅಥವಾ ತಾನು ಬರಿಯ ಮಾಷ್ಟ್ರಲ್ಲ ಎಂದು ರೈಗಳಂಥವರಿಗೆ ತೋರಿಸುವುದಕ್ಕೋ? ಕಣಿಯಲ್ಲಿ ನಿಂತಿದ್ದ ಆ ಹುಡುಗನಿಗೆ ಇಲ್ಲಿ ಏನು ಕೆಲಸ? ಅವನು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಕುಳಿತ. ಇಂಜಿನಿಯರ್ ಸಣ್ಣ ಸಂಖ್ಯೆಯ ಕಾಗದವನ್ನು ಮೇಲಿಟ್ಟು, ಗ್ರಾಫನ್ನು ಅದರ ಅಡಿಗೆ ಸರಿಸಿ, ಪೆನ್ನಿನ ಮುಚ್ಚಳ ತೆಗೆದ. ಎರಡು ತಂತಿ. ತಿರುಮಲೇಶ್ವರನಿಗೆ ಅಳು ಬಂದಂತಾಯಿತು, ಮತ್ತು ಅಳು ಬಂದಂತಾದುದಕ್ಕೆ ನಾಚಿಕೆಯಾಯಿತು.

ಅಷ್ಟರಲ್ಲಿ ಶಾಲೆಯ ಆಯಾ ಚೆನ್ನು ಅವಲಕ್ಕಿಯ ಬುಟ್ಟಿ ಹಿಡಿದು ಒಳಗೆ ಬಂದಳು. ಬೆಲ್ಲ ಕಾಯಿತುರಿ ಕಲಸಿದ ಅವಲಕ್ಕಿ. ಎಲ್ಲರ ಮುಂದೆ ಬಾಳೆಲೆಯ ತುಂಡು. ಒಂದು ಸುತ್ತು ಆಗಿ ಅವಳು ಎರಡನೆಯ ಸಲ ಬಂದಾಗ ರೈಗಳು ಎಲೆಯ ಮೇಲೆ ಅಡ್ಡ ಕೈ ಹಿಡಿದು, ನನಗೆ ಸಾಕು, ಗೌಡ್ರಿಗೆ ಹಾಕು, ಅವರು ಬೆಳಿಗ್ಗೆ ಗಂಜಿ ಕುಡಿದು ಹೊರಟವರು ಅಂದರು. ಗೌಡರು ಬೇಡವೇ ಬೇಡ ಅನ್ನುತ್ತ, ಬ್ಯಾರಿಗಳು ನಿಂತುಕೊಂಡೇ ಇದ್ದಾರೆ, ಅವರಿಗೆ ಹಾಕು ಅಂದರು. ಬ್ಯಾರಿಗಳು ಮಾಷ್ಟ್ರನ್ನು ತೋರಿಸಿದರು. ತಿರುಮಲೇಶ್ವರ ಯಾಂತ್ರಿಕವಾಗಿ ಕೈ ಅಡ್ಡ ಹಿಡಿದ. ಪಕ್ಕದವರು ಅವನ ಕೈಯನ್ನು ಸರಿಸಿದರು. ಎಲೆಯ ಮೇಲೆ ಅವಲಕ್ಕಿ ಬಿತ್ತು. ಅವನು ಅದನ್ನು ನೋಡಿದ. ಸುತ್ತ ನೋಡಿದ. ಒಬ್ಬರೂ ಬೇಕು ಅಂದಿರಲಿಲ್ಲ. ಒಬ್ಬರ ಎಲೆಯೂ ಖಾಲಿ ಇರಲಿಲ್ಲ.

ಮದುವೆಯ ಊಟ, ಪೂಜೆಯ ಊಟ, ಅವನು ಹುಟ್ಟಿದಂದಿನಿಂದ ಕುಳಿತ ಎಲ್ಲ ಪಂಕ್ತಿಗಳೂ ಅವನ ಕಣ್ಣೆದುರು ಬಂದುವು. ಯಾರು ತಾನೇ ತನಗೆ ಹೋಳಿಗೆ ಹಾಕು ಅಂದಿದ್ದಾರೆ? ಇವರಿಗೆ ಹಾಕು, ಇವರಿಗೆ ಹಾಕು ಎಂದೇ ಎಲ್ಲರ ಹೊಟ್ಟೆ ತುಂಬಿದ್ದು. ಗೇಟಿನ ಹತ್ತಿರದ ಆ ಪಿಸುಮಾತುಗಳು, ಸಣ್ಣತನವೆಂದು ತಾನು ಕೊಡೆ ಬಿಡಿಸಿ ತಪ್ಪಿಸಿಕೊಂಡ ಮಾತುಗಳು, ಅವೇ ನಿಜವಾದ ಸರ್ವೆಯಾಗಿದ್ದುವು. ಅವನು ಬಾಯಲ್ಲಿ ಅವಲಕ್ಕಿ ಇದ್ದ ಹಾಗೇ ಎದ್ದ.

"ಸಾರ್, ಬರೀಬೇಡಿ. ನಾವು ಪ್ರಶ್ನೆಯನ್ನೇ ತಪ್ಪು ಕೇಳಿದ್ದು." ಅವನು ಅಧ್ಯಕ್ಷರ ಕಡೆಗೆ ತಿರುಗಿದ. "ರೈಗಳೇ, ನಿಮ್ಮದು ಬಿಡಿ, ನಿಮಗೆ ಎರಡು ದೀಪ ಸಾಕು. ನಮ್ಮ ಗೌಡ್ರಿಗೆ ಎಷ್ಟು ಬೇಕಾದೀತು ಹೇಳಿ."

ರೈಗಳು ಬಾಯಿ ಒರೆಸಿಕೊಂಡರು. ಅವರ ಮುಖದಲ್ಲಿ ನಿಧಾನವಾಗಿ ಒಂದು ಬೆಳಕು ಬಂತು, ಗೇಟಿನ ಹತ್ತಿರ ಬರುತ್ತಿದ್ದ ಬೆಳಕು.

"ಗೌಡ್ರಿಗಾ? ಅವರಿಗೆ ಎರಡು ದೀಪದಲ್ಲಿ ಎಂತ ಆಗ್ತದೆ ಮಾರಾಯ್ರೆ. ಬಾವಿ ಅಗಲ ಮಾಡಿದ್ದು ಮೀನು ಸಾಕ್ಲಿಕ್ಕೆ ಅಲ್ಲ. ಐದು ಎಚ್ಪಿಯ ಪಂಪು ಒಂದು ಬರೀರಿ. ಆಚೆ ಗುಡ್ಡೆಯನ್ನು ಸಮ ಮಾಡಿಸ್ತಾ ಇದ್ದಾರೆ, ಅಲ್ಲಿ ಗಿಡ ಇಟ್ಟ ಮೇಲೆ ಇನ್ನೊಂದು ಬೇಕು."

ಗೌಡರು ಬೆಂಚಿನಿಂದ ಅರ್ಧ ಎದ್ದು ಸಿಕ್ಕಿಬಿದ್ದರು. ಅಲ್ಲ ಅನ್ನಲಿಲ್ಲ. ಬದಲಿಗೆ, ಅವರ ಬಾಯಿಂದ ರೈಗಳ ಸಿಮೆಂಟಿನ ಕಟ್ಟೆಯ ವಿಷಯ ಸಭೆಗೆ ತಿಳಿಯಿತು; ಅದರ ಮೇಲೆ ಕೂರುವುದು ಯಾವ ಪಂಪು ಎಂಬುದೂ, ಅದರ ಕಂಪೆನಿ ಯಾವುದು ಎಂಬುದೂ, ಅದನ್ನು ನೋಡಲು ರೈಗಳು ಮಂಗಳೂರಿಗೆ ಹೋಗಿ ಬಂದದ್ದೂ. ಅಲ್ಲಿಂದ ಮುಂದೆ ಪ್ರಶ್ನೆ ಕೇಳುವ ಅಗತ್ಯವೇ ಬೀಳಲಿಲ್ಲ. ಬ್ಯಾರಿಗಳು ಡೀಸೆಲ್ ಎಂಜಿನನ್ನು ಮಾರಲು ಗಿರಾಕಿ ಹುಡುಕುತ್ತಿದ್ದಾರೆ, ಕರೆಂಟು ಬಂದರೆ ಅಕ್ಕಿಯ ಜೊತೆಗೆ ಎಣ್ಣೆ ಗಾಣವನ್ನೂ ಇಡುತ್ತಾರೆ. ಬ್ಯಾರಿಗಳ ಪ್ರಕಾರ ಸೋಡಾ ಅಂಗಡಿಯವನು ಎರಡು ಮಿಶಿನಿಗೆ ಜಾಗ ನೋಡಿಯಾಗಿದೆ. ಸೋಡಾದವನ ಪ್ರಕಾರ ಮರದ ಮಿಲ್ಲು ಒಂದು ಬರುವುದು ಖಂಡಿತ. ಯಾರ ಮನೆಗೆ ರೇಡಿಯೋ, ಯಾರ ಅಳಿಯ ಮುಂಬಯಿಯಿಂದ ಫ್ಯಾನು ತರುತ್ತಾನೆ, ಯಾವ ಮನೆಯಲ್ಲಿ ಅತ್ತೆ ಮೆಟ್ಟಿಲಲ್ಲಿ ಜಾರಿ ಬಿದ್ದು ಅಲ್ಲಿಗೆ ದೀಪ ಬೇಕು, ಎಲ್ಲ ಹೊರಗೆ ಬಂತು. ಯಾರೂ ಹೊಟ್ಟೆಕಿಚ್ಚಿನಿಂದ ಹೇಳಿದಂತಿರಲಿಲ್ಲ. ಇವರಿಗೆ ಹಾಕು, ಇವರಿಗೆ ಹಾಕು ಎಂಬ ಅದೇ ಧಾರಾಳ. ಕೃಷ್ಣಮೋಹನ ಬರೆಯುತ್ತ ಬರೆಯುತ್ತ ತಲೆಯೆತ್ತಿ, ಬೇರೆಯವರ ಬಗ್ಗೆ ಹೆಚ್ಚು ಮಾಡಿ ಹೇಳುವುದಿಲ್ಲವೇ ಎಂದು ಸಂಶಯ ಪಟ್ಟ. ಹೆಚ್ಚಾಯಿತು ಅನಿಸಿದವರು ಎದ್ದು ಅಲ್ಲ ಅನ್ನಲಿ, ಹೊಡೆದು ಹಾಕುವ ಅಂದ ತಿರುಮಲೇಶ್ವರ. ಸೋಡಾದವನು ಎದ್ದು, ಮಿಶಿನು ಎರಡು ಅಲ್ಲ ಒಂದೇ, ಎರಡನೆಯದು ಇನ್ನೂ ಮನಸ್ಸಿನಲ್ಲಿ ಮಾತ್ರ ಉಂಟು ಅಂದ. ಹತ್ತು ವರ್ಷದ ಲೆಕ್ಕದಲ್ಲಿ ಮನಸ್ಸಿನಲ್ಲಿ ಇದ್ದದ್ದೂ ಸೇರುತ್ತದೆ ಎಂದು ಇಂಜಿನಿಯರೇ ಹೇಳಿ ಎರಡು ಬರೆದುಕೊಂಡ. ಮತ್ತೆ ಯಾರೂ ಏಳಲಿಲ್ಲ. ತಿರುಮಲೇಶ್ವರ ನಿಂತೇ ಇದ್ದ. ತನ್ನ ಗೆರೆ ಕಾಗದದಿಂದ ಎದ್ದು ಬೆಂಚುಗಳ ನಡುವೆ ಓಡಾಡುತ್ತಿರುವುದನ್ನು ಅವನು ಕಣ್ಣಾರೆ ಕಂಡ. ಇಷ್ಟು ಸಂತೋಷ ಒಬ್ಬ ಮನುಷ್ಯನ ಮೈಯಲ್ಲಿ ಹಿಡಿಯುತ್ತದೆ ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ.

"ಮಾಷ್ಟ್ರ ಮನೆ ಬಿಟ್ಟುಹೋಯ್ತಲ್ಲ," ಅಂದರು ಕುಕ್ಕಪ್ಪ ಗೌಡರು.

ಅವನ ನಗು ಅಲ್ಲೇ ನಿಂತಿತು. ಎರಡು, ಬರೆದಾಗಿದೆ ಅಂದ. ಗೌಡರು ಅವನ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಇಂಜಿನಿಯರರಿಗೆ ಹೇಳಿದರು: "ಅಲ್ಲಿ ಓದ್ಲಿಕ್ಕೆ ಒಂದು ದೀಪ ಬೇಕು ಸಾರ್. ಮಾಷ್ಟ್ರಿಗೆ ಅಲ್ಲ, ಗೋದಾವರಿ ಅಕ್ಕನಿಗೆ. ಅವರು ಸಂಜೆ ಕೆಲಸ ಮುಗಿಸಿ ಪುಸ್ತಕ ಹಿಡ್ಕೊಂಡು ಹೊರಗೆ ಕೂರ್ತಾರೆ. ಮೊದಲು ಜಗಲಿಯಲ್ಲಿ. ಅಲ್ಲಿ ಬೆಳಕು ಹೋದ್ರೆ ಅಂಗಳದ ಕಲ್ಲಿನ ಮೇಲೆ. ಅಲ್ಲಿಯೂ ಹೋದ್ರೆ ನಮ್ಮ ಗದ್ದೆಯ ಬದುವಿಗೆ ಬರ್ತಾರೆ. ಬೆಳಕು ಎಲ್ಲಿಗೆ ಹೋಗ್ತದೋ ಅವರೂ ಅಲ್ಲಿಗೆ. ನಾನು ದಿನಾ ನೋಡುದು."

ಯಾರೂ ನಗಲಿಲ್ಲ. ಶಾಲೆಯ ಲೈಬ್ರರಿಯಿಂದ ಅವನೇ ಅವಳಿಗೆ ಪುಸ್ತಕ ತಂದುಕೊಡುತ್ತಿದ್ದ. ಅವಳು ಓದಿ ಮುಗಿಸಿ ಚೀಲದ ಹತ್ತಿರ ಇಡುತ್ತಿದ್ದಳು. ಯಾವಾಗ ಓದುತ್ತಾಳೆ ಎಂದು ಅವನು ಕೇಳಿರಲಿಲ್ಲ. ಅವನು ಪೇಟೆಯಲ್ಲಿ ಸಂಘದ ಕೆಲಸ ಮುಗಿಸಿ ಮನೆಗೆ ಬರುವಾಗ ದೀಪ ಹಚ್ಚಿಯಾಗಿರುತ್ತಿತ್ತು, ಮನೆಯ ಒಂದೇ ಒಳ್ಳೆಯ ಲಾಟೀನು ಅವನ ಉತ್ತರ ಪತ್ರಿಕೆಗಳ ಪಕ್ಕದಲ್ಲಿ ಇರುತ್ತಿತ್ತು. ಇಡೀ ಸೀಮೆಯ ಹತ್ತು ವರ್ಷದ ಮುಂದಿನ ಕತ್ತಲೆಯನ್ನು ಅಳೆದವನಿಗೆ ಇದು ಕಂಡಿರಲಿಲ್ಲ. ಇಂಜಿನಿಯರ್ ಅವನ ಮುಖ ನೋಡಿ, ಅಲ್ಲ ಅನ್ನುತ್ತೀರಾ ಮಾಷ್ಟ್ರೆ ಎಂದು ಮೆತ್ತಗೆ ಕೇಳಿದ. ತಿರುಮಲೇಶ್ವರ ತಲೆಯಲ್ಲಾಡಿಸಿದ. ಬರ್ಕೊಳ್ಳಿ ಅಂದ.

ಕೂಡಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೃಷ್ಣಮೋಹನ ಎರಡು ಸಲ ಕೂಡಿಸಿ, ಅಡಿಯಿಂದ ಗ್ರಾಫನ್ನು ಎಳೆದು ತೆಗೆದು, ಗೆರೆಯ ತುದಿಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಅದಕ್ಕಿಂತ ಮೇಲೆ, ಕಾಗದದ ಅಂಚಿನ ಹೊರಗೆ ಇಟ್ಟ. ಮೂರು ತಂತಿ ಅಂದ. ಸಭೆ ಗಲಗಲ ಎಂದಿತು. ದೇವದಾಸ ರೈಗಳು ಎದ್ದು ಬಂದು, ಕನ್ನಡಕ ಹಾಕಿ, ಆ ಗೆರೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು.

"ಮಾಷ್ಟ್ರೆ," ಅಂದರು, "ನಿಮ್ಮ ಲೆಕ್ಕ ಕಮ್ಮಿ ಆಯ್ತಲ್ಲ."

ಮತ್ತೆ ಎಲ್ಲರೂ ನಕ್ಕರು. ಈ ಬಾರಿ ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಗೌಡರನ್ನು ಬೆಂಚಿನಿಂದ ಬಿಡಿಸಲು ಇಬ್ಬರು ಬೇಕಾದರು. ಹೊರಗೆ ಜೀಪಿನ ಹತ್ತಿರ ಯಾರೋ ಅವನ ಬೆನ್ನು ತಟ್ಟಿದರು, ಯಾರೋ ಹೋಟೆಲಿಗೆ ಕರೆದರು. ಹೋಗಬೇಕೆಂಬ ಆಸೆ ಇತ್ತು. ಹೊಗಳಿಕೆ ಅವನಿಗೆ ಅಷ್ಟೇನೂ ಸಿಕ್ಕಿದ್ದಲ್ಲ. ಆದರೆ ಬಿಸಿಲು ಇಳಿಯುತ್ತಿತ್ತು. ಅವನು ಚೀಲವನ್ನು ಹೆಗಲಿಗೆ ಹಾಕಿ ಮನೆಯ ಕಡೆ ಜೋರಾಗಿ ಹೆಜ್ಜೆ ಹಾಕಿದ. ನಡೆಯುತ್ತ, ಇಲ್ಲಿ ಒಂದು ಕಂಬ, ಇಲ್ಲಿ ಒಂದು, ಈ ತಿರುವಿನಲ್ಲಿ ಒಂದು ಎಂದು ಮನಸ್ಸಿನಲ್ಲೇ ನೆಡುತ್ತ ಹೋದ. ಕ್ಲಾಸಿನ ಹಿಂದಿನ ಖಾಲಿ ಬೆಂಚುಗಳು ಒಂದೊಂದಾಗಿ ತುಂಬುತ್ತ ಬಂದುವು.

ಜಗಲಿಯಲ್ಲಿ ಅವಳಿರಲಿಲ್ಲ. ಅಂಗಳದ ಕಲ್ಲಿನ ಮೇಲೂ ಇರಲಿಲ್ಲ. ಗದ್ದೆಯ ಬದುವಿನಲ್ಲಿ, ಪಡುವಣಕ್ಕೆ ಮುಖ ಮಾಡಿ, ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಗೋದಾವರಿ ಕುಳಿತಿದ್ದಳು. ಅವನ ನೆರಳು ಪುಟದ ಮೇಲೆ ಬಿದ್ದಾಗ ತಲೆಯೆತ್ತಿ, ಬೇಗ ಬಂದಿರಾ ಅಂದು ಏಳಲು ಹೊರಟಳು. ಅವನು ಪಕ್ಕಕ್ಕೆ ಸರಿದು ಬೆಳಕು ಬಿಟ್ಟುಕೊಟ್ಟು ಹುಲ್ಲಿನ ಮೇಲೆ ಕುಳಿತ. ಮೂರು ತಂತಿ ಬರುತ್ತದೆ ಅಂದ. ಅವಳ ಮುಖ ಅರಳಿತು. ನಿನಗೆ ಎಷ್ಟು ದೀಪ ಬೇಕು ಎಂದು ಕೇಳಿದ.

"ನನಗೆ ಎಂತಕ್ಕೆ?"

ಇವತ್ತು ಬೆಳಿಗ್ಗೆಯಾಗಿದ್ದರೆ ಅವನು ಇದನ್ನು ಉತ್ತರವೆಂದು ಬರೆದುಕೊಳ್ಳುತ್ತಿದ್ದ. ಈಗ ಕಾದ. ಆಮೇಲೆ, ಸಭೆಯಲ್ಲಿ ಗೌಡರು ನಿನ್ನ ಹೆಸರಿನಲ್ಲಿ ಒಂದು ದೀಪ ಬರೆಸಿದರು, ಓದುವುದಕ್ಕೆ ಅಂದ. ಗೋದಾವರಿಯ ಮುಖ ಕೆಂಪಾಯಿತು. ಊರೆಲ್ಲ ತನ್ನನ್ನು ನೋಡಿತೇ ಎಂದು ಗದ್ದೆಯಾಚೆಗೆ ಕಣ್ಣು ಹಾಯಿಸಿದಳು. ಪುಟದಲ್ಲಿ ಬೆರಳಿಟ್ಟು ಪುಸ್ತಕ ಮುಚ್ಚಿದಳು.

"ಒಂದೇ ಬರೆಸಿದ್ದಾ ಅವರು?" ಅಂದಳು.

ಆಮೇಲೆ ಅವಳು ಹೇಳತೊಡಗಿದಳು. ಅಡಿಗೆ ಮನೆಗೆ ಒಂದು, ಒಲೆಯ ಮೇಲೆ ಅಲ್ಲ, ಪಾತ್ರೆ ಇಡುವ ಅಡ್ಡಣಿಗೆಯ ಬದಿಗೆ. ರುಬ್ಬುವ ಕಲ್ಲಿನ ಹತ್ತಿರ ಒಂದು. ದನ ಕರು ಹಾಕುವ ಹೊತ್ತಿಗೆ ಕೊಟ್ಟಿಗೆಗೆ ಬೇಡವಾ? ಬಾವಿಕಟ್ಟೆಗೆ ಒಂದು, ಪಂಪು ಬಂದರೆ ಬಾವಿಕಟ್ಟೆಯ ದೀಪ ಉಳಿಯುತ್ತದೆ, ಅದನ್ನು ಮೆಟ್ಟಿಲಿಗೆ ಹಾಕಬಹುದು. ಓದಲಿಕ್ಕೆ ಒಂದು, ಅದು ಬೇರೆ, ಅದನ್ನು ಯಾವುದಕ್ಕೂ ಸೇರಿಸಬೇಡಿ. ವರ್ಷಗಟ್ಟಲೆ ಮನೆಯ ಮೂಲೆಮೂಲೆಯಲ್ಲಿ ನಿಂತು ಯೋಚಿಸಿಟ್ಟವಳಂತೆ ಅವಳು ಒಂದೊಂದನ್ನೂ ಕೈಯಿಂದ ಗಾಳಿಯಲ್ಲಿ ಜಾಗ ತೋರಿಸಿ ಹೇಳುತ್ತಿದ್ದಳು, ಮತ್ತು ಕತ್ತಲಾದದ್ದು ಇಬ್ಬರಿಗೂ ತಿಳಿಯಲಿಲ್ಲ. ತಿರುಮಲೇಶ್ವರ ಬೆರಳು ಮಡಚುತ್ತ ಎಣಿಸುತ್ತಿದ್ದ. ಅವನ ಲೆಕ್ಕ ಮತ್ತೆ ಕಮ್ಮಿಯಾಗಿತ್ತು.